ಕೆನೆತ್ ಆಂಡರ್ಸನ್ನರೂ ಎರಡು ಕರಡಿಗಳೂ

ನಮ್ಮೂರ ಸಂತೆಗೆ ಪ್ರತಿ ವಾರವೂ ಒಬ್ಬ ಮುದುಕ ಹಗ್ಗ ಮಾರಲು ಬರುತ್ತಿದ್ದ. ಸೆಕೆಯಾಗಲಿ ಚಳಿಯಾಗಲಿ, ತಲೆಯ ಮೇಲಿನ ವಸ್ತ್ರವನ್ನು ಮುಖದ ಎಡಭಾಗಕ್ಕೆ ಇಳಿಬಿಟ್ಟುಕೊಂಡೇ ಕೂತಿರುತ್ತಿದ್ದ. ಒಂದು ಸಲ ಗಾಳಿಗೆ ವಸ್ತ್ರ ಸರಿದಾಗ ನಾನು ನೋಡಿಬಿಟ್ಟೆ. ಅಲ್ಲಿ ಕಣ್ಣಿರಲಿಲ್ಲ, ಕೆನ್ನೆಯೂ ಕೆನ್ನೆಯಂತಿರಲಿಲ್ಲ. ಹೆದರಿ ಅಮ್ಮನ ಸೆರಗು ಹಿಡಿದುಕೊಂಡೆ. ಪ್ರಾಯದಲ್ಲಿ ಸೌದೆಗೆಂದು ಗುಡ್ಡಕ್ಕೆ ಹೋಗಿದ್ದಾಗ ಕರಡಿ ಹಿಡಿದಿತ್ತೆಂದು ಮನೆಗೆ ಬಂದ ಮೇಲೆ ತಿಳಿಯಿತು. ಊರ ಜನ ಆ ಕರಡಿಯನ್ನು ಶಪಿಸಿದರೂ ಮುದುಕ ಮಾತ್ರ ಶಪಿಸುತ್ತಿರಲಿಲ್ಲವಂತೆ. ಮಲಗಿದ್ದ ಪ್ರಾಣಿಯ ಮೇಲೆ ತಾನೇ ಹೋಗಿ ಬಿದ್ದೆನೆಂದು ಹೇಳುತ್ತಿದ್ದನಂತೆ. ಆಗ ಆ ಮಾತು ನನಗೆ ಅರ್ಥವಾಗಿರಲಿಲ್ಲ. ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಓದುತ್ತಿದ್ದಾಗ ಆ ಮುದುಕನ ನೆನಪು ಬಂದಿತು.

ಬೇಟೆಯ ಕಥೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಹುಲಿ. ಆಂಡರ್ಸನ್ನರ ಹೆಸರು ಕೇಳಿದವರೂ ನರಭಕ್ಷಕ ಹುಲಿ ಚಿರತೆಗಳನ್ನೇ ನೆನೆಯುತ್ತಾರೆ. ಅದು ತಪ್ಪೂ ಅಲ್ಲ. 1939ರಿಂದ 1966ರವರೆಗಿನ ಸರ್ಕಾರಿ ದಾಖಲೆಗಳ ಪ್ರಕಾರ ಅವರು ಹೊಡೆದ ನರಭಕ್ಷಕಗಳು 8 ಚಿರತೆಗಳು, 7 ಹುಲಿಗಳು. ಆದರೆ ಅವರ ಬಾಳಿನಲ್ಲಿ ಎರಡು ಕರಡಿಗಳು ಬಂದುಹೋದುವು. ಒಂದನ್ನು ಅವರು ಕೊಂದರು. ಇನ್ನೊಂದನ್ನು ಮನೆಗೆ ತಂದು ಸಾಕಿದರು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ಮನುಷ್ಯ ಎಂಥವರೆಂಬುದು ಹುಲಿಗಳ ಲೆಕ್ಕಕ್ಕಿಂತ ಚೆನ್ನಾಗಿ ತಿಳಿಯುತ್ತದೆಂದು ನನಗೆ ಅನ್ನಿಸಿದೆ.

ಆಂಡರ್ಸನ್ನರು ಹುಟ್ಟಿದ್ದು 1910ನೆಯ ಇಸವಿ ಮಾರ್ಚಿ 8ರಂದು, ಹೈದರಾಬಾದು ಸಂಸ್ಥಾನದ ಬೊಲಾರಂನಲ್ಲಿ. ಅವರ ಮನೆತನದವರು ಸ್ಕಾಟ್ಲೆಂಡಿನಿಂದ ಬಂದು ಆರು ತಲೆಮಾರುಗಳಿಂದ ಈ ದೇಶದಲ್ಲೇ ನೆಲಸಿದ್ದವರು. ತಂದೆ ಪುಣೆಯಲ್ಲಿ ಸೈನ್ಯದ ಸಂಬಳ ಸಾರಿಗೆಯ ಲೆಕ್ಕಪತ್ರ ನೋಡಿಕೊಳ್ಳುವ ಕಚೇರಿಯ ಅಧಿಕಾರಿ. ಜೊತೆಗೆ ಒಳ್ಳೆಯ ಬೇಟೆಗಾರ. ಮಗನಿಗೆ ಕಾಡಿನ ಹುಚ್ಚು ಹಿಡಿದದ್ದು ಅವರಿಂದಲೇ. ಬಾಲಕನ ಓದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲೂ ನಡೆಯಿತು. ಕಾನೂನು ಓದಲೆಂದು ಎಡಿನ್‌ಬರೋ ಪಟ್ಟಣಕ್ಕೆ ಕಳುಹಿಸಿದರೆ ಈತ ಓದು ಮುಗಿಸದೆ ಹಿಂದಿರುಗಿದ. ಪರೀಕ್ಷೆಗೆ ಹೆದರಿಯೋ ಕಾಡಿನ ನೆನಪಿಗೋ, ಓದುಗರು ತಮಗೆ ತೋಚಿದಂತೆ ತಿಳಿದುಕೊಳ್ಳಬಹುದು. ಆಮೇಲೆ ಅಂಚೆ ತಂತಿ ಇಲಾಖೆಯಲ್ಲಿ 15 ವರ್ಷ ದುಡಿದು, ಮುಂದೆ ಹಿಂದೂಸ್ಥಾನ್ ಏರೋನಾಟಿಕ್ಸ್ ಆದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಮೇಲಧಿಕಾರಿಯಾದರು. ವಾರವೆಲ್ಲ ಕಾರ್ಖಾನೆ, ರಜ ಬಂದರೆ ಕಾಡು. ಕನ್ನಡ ತಮಿಳುಗಳೆರಡನ್ನೂ ಮಾತನಾಡಬಲ್ಲವರಾಗಿದ್ದರು. ಆದುದರಿಂದಲೇ ಹಳ್ಳಿಯ ಕುರುಬನಾಗಲಿ ಪೂಜಾರಿಯಾಗಲಿ ಅವರೊಡನೆ ಬಿಡುಬೀಸಾಗಿ ಹರಟುತ್ತಿದ್ದ. ಅವರ ಪುಸ್ತಕಗಳಲ್ಲಿ ಮೃಗಗಳಷ್ಟೇ ಸ್ಪಷ್ಟವಾಗಿ ಮನುಷ್ಯರೂ ಕಾಣಿಸುವುದಕ್ಕೆ ಇದೇ ಕಾರಣವಿರಬೇಕು.

ಮೊದಲನೆಯ ಪುಸ್ತಕ ಹೊರಬಂದದ್ದು 1954ರಲ್ಲಿ. 1957ರಲ್ಲಿ ಎರಡನೆಯದು ಬಂದಿತು. ಮೈಸೂರು ಸೀಮೆಯ ಕರಿಯ ಕರಡಿಯ ಕಥೆ ಇರುವುದು ಅದರಲ್ಲಿ. ಆಂಡರ್ಸನ್ನರನ್ನು ಕನ್ನಡದ ಮನೆಮನೆಗೂ ತಲಪಿಸಿದವರು ಪೂರ್ಣಚಂದ್ರ ತೇಜಸ್ವಿಯವರು. ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಅವರು ಈ ಬೇಟೆಗಾರನ ಅನುಭವಗಳನ್ನು ನಮ್ಮ ಮಾತಿನಲ್ಲಿ ಹೇಳಿದರು. ಇಂಗ್ಲೀಷ್ ಬಾರದ ನಮ್ಮ ಅಜ್ಜಂದಿರೂ ಆಂಡರ್ಸನ್ನರನ್ನು ನೆಂಟರೆಂಬಂತೆ ಮಾತನಾಡಿಕೊಳ್ಳುವುದು ಅವರ ದೆಸೆಯಿಂದಲೇ.

ಕರಡಿಯ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮದು ಕಲಾ ಕಾಲೇಜು. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಓದಿ ತಿಳಿದಷ್ಟನ್ನು ಹೇಳುತ್ತೇನೆ. ನಮ್ಮ ಗುಡ್ಡಗಳಲ್ಲಿರುವ ಕರಡಿ ಉದ್ದ ಕೂದಲಿನ ಕರಿಯ ಪ್ರಾಣಿ. ಎದೆಯ ಮೇಲೆ ಬಿಳಿಯ ಗುರುತು. 1791ರಲ್ಲಿ ಷಾ ಎಂಬ ಆಂಗ್ಲ ವಿದ್ವಾಂಸ ಅದರ ಉದ್ದನೆಯ ಉಗುರುಗಳನ್ನೂ ಹಲ್ಲಿನ ಏರ್ಪಾಡನ್ನೂ ನೋಡಿ, ದಕ್ಷಿಣ ಅಮೆರಿಕದಲ್ಲಿ ಕೊಂಬೆಗೆ ತಲೆಕೆಳಗಾಗಿ ಜೋತುಬೀಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಂಧುವೆಂದು ಭ್ರಮಿಸಿದನು. ತಪ್ಪು ತಿಳಿದುಹೋದರೂ ಇಂಗ್ಲೀಷಿನಲ್ಲಿ ಆ ಹೆಸರು ಹೋಗಲಿಲ್ಲ. ಇದಕ್ಕೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳೇ ಇಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೂತಿಯನ್ನು ಒಳಗಿಟ್ಟು, ಮಣ್ಣು ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ಆ ಹಲ್ಲಿನ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ಬಹುದೂರ ಕೇಳಿಸುತ್ತದೆ. ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವುದು ಇದರ ಇನ್ನೊಂದು ವಿಶೇಷ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕರಡಿಗೆ ದೃಷ್ಟಿ ಮಂದ, ಕಿವಿಯೂ ಅಷ್ಟು ಚುರುಕಲ್ಲ. ಮೂಗು ಮಾತ್ರ ಬಲವಾದದ್ದು. ಆದರೆ ಹೊಟ್ಟೆಯ ಪಾಡಿನಲ್ಲಿ ತೊಡಗಿರುವಾಗ ಆ ಮೂಗು ಹುತ್ತದೊಳಗೇ ಇರುತ್ತದೆ. ಹುಲಿಯಾದರೆ ಮನುಷ್ಯನ ಹೆಜ್ಜೆಯ ಸಪ್ಪಳವನ್ನು ದೂರದಿಂದಲೇ ಕೇಳಿ ಮೆಲ್ಲಗೆ ಸರಿದುಹೋಗುತ್ತದೆ. ಕರಡಿಗೆ ಅವನು ಹತ್ತು ಮಾರಿಗೆ ಬರುವವರೆಗೆ ಗೊತ್ತೇ ಆಗುವುದಿಲ್ಲ. ಗೊತ್ತಾದಾಗ ಓಡುವ ವ್ಯವಧಾನವಿರುವುದಿಲ್ಲ. ಹುಲಿಗಳ ನೆರೆಯಲ್ಲಿ ಬಾಳಿ ಬಂದ ಪ್ರಾಣಿಯಾದ್ದರಿಂದ ಓಡುವುದಕ್ಕಿಂತ ಮೇಲೆ ಬೀಳುವುದೇ ಇದಕ್ಕೆ ರಕ್ಷಣೆಯ ಹಾದಿಯಾಯಿತೆಂದು ಬಲ್ಲವರು ಹೇಳುತ್ತಾರೆ. ಹಿಂಗಾಲಿನ ಮೇಲೆ ಎದ್ದು ನಿಂತಾಗ ಅದರ ಉಗುರಿಗೆ ಸಿಕ್ಕುವುದು ಮನುಷ್ಯನ ಮುಖ. ಇದು ತಿಂದು ಹೊಟ್ಟೆ ಹೊರೆಯುವುದಕ್ಕಾಗಿ ಮಾಡುವ ಕೊಲೆಯಲ್ಲ. ಆದರೆ ಕಣ್ಣು ಕಳೆದುಕೊಂಡವನಿಗೆ ಈ ವ್ಯತ್ಯಾಸದಿಂದ ಬರುವ ಸಮಾಧಾನ ಎಷ್ಟು?

ಈಗ ಮೊದಲನೆಯ ಕರಡಿ. ಅರಸೀಕೆರೆಯ ಪೂರ್ವಕ್ಕೆ ಇರುವ ನಾಗವಾರ ಗುಡ್ಡಗಳಲ್ಲಿ ಒಂದು ದೊಡ್ಡ ಗಂಡು ಕರಡಿ ಇದ್ದಿತು. ಆಂಡರ್ಸನ್ನರ ಬರಹದ ಪ್ರಕಾರ ಅದು 12 ಜನರನ್ನು ಕೊಂದು, ಸುಮಾರು ಎರಡು ಡಜನ್ ಜನರನ್ನು ಗಾಯಗೊಳಿಸಿತ್ತು. ಬದುಕಿ ಉಳಿದವರಲ್ಲಿ ಹಲವರಿಗೆ ಮೂಗಿಲ್ಲ, ಹಲವರಿಗೆ ಕಣ್ಣಿಲ್ಲ. ಒಂದು ಪ್ರಾಣಿ ಇಷ್ಟೊಂದು ಕ್ರೂರವಾಗಲು ಏನು ಕಾರಣವೆಂದು ಸುತ್ತಲ ಹಳ್ಳಿಗಳಲ್ಲಿ ಕಥೆಗಳು ಹುಟ್ಟಿಕೊಂಡಿದ್ದುವು. ಕುರಿ ಮೇಯಿಸುತ್ತಿದ್ದ ಹುಡುಗಿಯೊಬ್ಬಳನ್ನು ಅದು ಹೊತ್ತೊಯ್ದು ಇಟ್ಟುಕೊಂಡಿತ್ತಂತೆ. ಊರವರು ಅವಳನ್ನು ಬಿಡಿಸಿ ತಂದುದರಿಂದ ಮನುಷ್ಯಕುಲದ ಮೇಲೆಯೇ ಹಗೆ ಸಾಧಿಸುತ್ತಿತ್ತಂತೆ. ಈ ಕಥೆಯನ್ನು ನಮ್ಮ ಸೀಮೆಯಲ್ಲಿ ಯಾವ ಗುಡ್ಡದ ಬುಡದ ಹಳ್ಳಿಗೆ ಹೋದರೂ ಕೇಳಬಹುದು. ಇನ್ನೊಂದು ಕಥೆ, ಅದಕ್ಕೆ ಹಿಂದೆ ಯಾರೋ ಗಾಯ ಮಾಡಿದ್ದರೆಂಬುದು. ಆಂಡರ್ಸನ್ನರು ಎರಡನ್ನೂ ಬರೆದಿಟ್ಟಿದ್ದಾರೆ. ಮೊದಲನೆಯದು ಕಟ್ಟುಕಥೆ, ಎರಡನೆಯದು ಇರಬಹುದಾದ ಮಾತು. ನನ್ನ ಕುತೂಹಲ ಬೇರೆ ಕಡೆಗೆ. ಈ ಎರಡು ಕಥೆಗಳಲ್ಲೂ ಮೊದಲು ಕರಡಿಯ ಕೋಪಕ್ಕೆ ಕಾರಣನಾದವನು ಮನುಷ್ಯನೇ. ಮಕ್ಕಳನ್ನೂ ದನಗಾಹಿಗಳನ್ನೂ ಕಳೆದುಕೊಂಡ ಜನವೇ ಇಂಥ ಕಥೆ ಕಟ್ಟಿದರೆಂಬುದು ಯೋಚಿಸತಕ್ಕ ವಿಷಯ.

ಅರಸೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ದರ್ಗಾ. ಅದನ್ನು ನೋಡಿಕೊಳ್ಳುತ್ತಿದ್ದ ಮುಸಲ್ಮಾನ ಮುದುಕನಿಗೂ ಆಂಡರ್ಸನ್ನರಿಗೂ ಹಳೆಯ ಸ್ನೇಹ. ದರ್ಗಾದ ಬಳಿಯ ಅತ್ತಿಯ ಜಾತಿಯ ಮರಗಳಲ್ಲಿ ಹಣ್ಣಾಗುವ ಕಾಲಕ್ಕೆ ಕರಡಿ ರಾತ್ರಿ ಹೊತ್ತು ಇಳಿದು ಬರುತ್ತಿತ್ತು. ಒಂದು ರಾತ್ರಿ ಮುದುಕನ 22 ವರ್ಷದ ಮಗ ಮನೆಯಿಂದ ಹೊರಕ್ಕೆ ಹೋದ. ಕತ್ತಲಲ್ಲಿ ಕರಡಿ ಹಣ್ಣು ತಿನ್ನುತ್ತ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಹುಡುಗ ಉಳಿಯಲಿಲ್ಲ. ಮುದುಕ ಬೆಂಗಳೂರಿಗೆ ಒಂದು ಕಾರ್ಡು ಬರೆಸಿ ಹಾಕಿದ. ಅದು ಕೈಗೆ ಬಂದೊಡನೆ ಆಂಡರ್ಸನ್ನರು ಹೊರಟುಬಂದರು.

ಬೇಟೆಯ ಕಥೆಗಳಲ್ಲಿ ಬಂದೂಕು ಹಿಡಿದವನು ಬಂದೊಡನೆ ಮೃಗ ಎದುರಿಗೆ ನಿಲ್ಲುತ್ತದೆ. ಇಲ್ಲಿ ಹಾಗಾಗಲಿಲ್ಲ. ಗುಡ್ಡ ಹತ್ತಿ ಗುಹೆ ಹುಡುಕಿದರೂ ಅವರಿಗೆ ಕರಡಿ ಸಿಕ್ಕಲಿಲ್ಲ. ರಜ ಮುಗಿದು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಕೆಲಕಾಲದ ಮೇಲೆ ಕಡೂರು ಚಿಕ್ಕಮಗಳೂರುಗಳ ನಡುವಣ ಸಖರಾಯಪಟ್ಟಣದ ಕಡೆಯಿಂದ ಸುದ್ದಿ ಬಂದಿತು. ಅಲ್ಲಿಯೂ ಒಂದು ಕರಡಿ ಜನರ ಮೇಲೆ ಬೀಳುತ್ತಿದೆ ಎಂದು. ಅದೇ ಇದೆಂದು ಊಹಿಸಿ ಅಲ್ಲಿಗೆ ಹೋದರು.

ಇಲ್ಲಿಂದ ಮುಂದಿನ ಭಾಗ ನನಗೆ ಆ ಕಥೆಯಲ್ಲೆಲ್ಲ ಬಹಳ ಹಿಡಿಸಿತು. ದನ ಮೇಯಿಸಲು ಹೋಗಿದ್ದವನೊಬ್ಬನನ್ನು ಕರಡಿ ಹಿಡಿಯಿತೆಂದು ಅವನ ಅಣ್ಣ ಓಡೋಡಿ ಬಂದ. ಹೊತ್ತು ಮುಳುಗುವ ಸಮಯ. ಬೆಳಗಾಗಲಿ ಎಂದು ಯಾರಾದರೂ ಹೇಳಬಹುದಾಗಿತ್ತು. ಹೇಳಿದ್ದರೆ ತಪ್ಪೆನ್ನುವವರೂ ಇರಲಿಲ್ಲ. ಆಂಡರ್ಸನ್ನರು ಆಗಲೇ ಹೊರಟರು. ಕತ್ತಲಲ್ಲಿ ಹುಡುಕಿ, ಇನ್ನೂ ಉಸಿರಾಡುತ್ತಿದ್ದ ಆ ಬಡಪಾಯಿಯನ್ನು ಕಂಡು, ಹೆಗಲ ಮೇಲೆ ಹೊತ್ತುಕೊಂಡು ಬರತೊಡಗಿದರು. ಕಲ್ಲುಗಳ ನಡುವೆ ಕಾಲು ಜಾರಿ ಹರಡು ಉಳುಕಿತು. ಇನ್ನೊಂದು ಹೆಜ್ಜೆ ಇಡುವಂತಿರಲಿಲ್ಲ. ಇರುಳೆಲ್ಲ ಆ ಕಾಡಿನಲ್ಲಿ, ಕರಡಿ ಎಲ್ಲಿದೆಯೋ ತಿಳಿಯದೆ, ಸಾಯುತ್ತಿರುವವನ ಪಕ್ಕದಲ್ಲಿ ಕೂತರು. ಬೆಳಕು ಹರಿಯುವ ಮೊದಲೇ ಆತನ ಪ್ರಾಣ ಹೋಯಿತು. ಆಂಡರ್ಸನ್ನರು ಒಳ್ಳೆಯ ಕಥೆಗಾರರು. ಕಥೆಗಾರರ ಮಾತಿನಲ್ಲಿ ಅಲ್ಲಲ್ಲಿ ಉಪ್ಪುಕಾರ ಬೀಳುವುದು ಸಹಜ ಎಂದು ಅವರನ್ನು ಸಂಶಯಿಸುವವರುಂಟು. ಇರಬಹುದು. ಆದರೆ ಉಪ್ಪುಕಾರ ಸೇರಿಸುವವನು ತನ್ನ ಕಾಲು ಉಳುಕಿದ್ದನ್ನೂ, ಹೊತ್ತು ತಂದವನನ್ನು ಉಳಿಸಲಾಗದೆ ಹೋದದ್ದನ್ನೂ ಏಕೆ ಹೇಳಿಯಾನು? ಬೇಟೆಗಾರನ ಹಿರಿಮೆಗೆ ಇದರಿಂದ ಏನೂ ಸೇರಲಿಲ್ಲವಲ್ಲ.

ಕಾಲು ವಾಸಿಯಾದ ಮೇಲೆ ಆಂಡರ್ಸನ್ನರು ಮತ್ತೆ ಬಂದರು. ಕೊನೆಗೂ ಕರಡಿ ಅವರ ಗುಂಡಿಗೆ ಬಿದ್ದಿತು. ಆ ಭಾಗವನ್ನು ಅವರೇ ಬೇಗ ಮುಗಿಸಿದ್ದಾರೆ, ನಾನೂ ಬೆಳೆಸುವುದಿಲ್ಲ. ದರ್ಗಾದ ಮುದುಕನ ಮಗನೇನೂ ಎದ್ದು ಬರಲಿಲ್ಲ.

ಎರಡನೆಯ ಕರಡಿಯ ವಿಷಯಕ್ಕೆ ಬರೋಣ. ಕೇಂದ್ರೀಯ ಪಠ್ಯಕ್ರಮದಲ್ಲಿ ಓದಿ ಬಂದ ಕೆಲವು ಮಿತ್ರರಿಗೆ ಇದು ಗೊತ್ತಿರಬಹುದು. ಒಂಬತ್ತನೆಯ ತರಗತಿಯ ಇಂಗ್ಲೀಷ್ ಪುಸ್ತಕದಲ್ಲಿ ಹಲವು ವರ್ಷ ಇದು ಪಾಠವಾಗಿತ್ತು. ಆದರೆ ತರಗತಿಯಲ್ಲಿ ನಾವು ಕರಡಿಮರಿಯ ಚೇಷ್ಟೆಗಳಿಗೆ ನಕ್ಕು, ಪ್ರಶ್ನೋತ್ತರ ಬರೆದು, ಪುಸ್ತಕ ಮುಚ್ಚುತ್ತೇವೆ. ಕಥೆಯ ಮೊದಲ ಭಾಗವನ್ನು ಸಾವಕಾಶವಾಗಿ ಓದುವವರು ಕಡಿಮೆ.

ಮೈಸೂರಿನ ಹತ್ತಿರ ಕಬ್ಬಿನ ಗದ್ದೆಗಳಿಗೆ ನುಗ್ಗಿದ್ದ ಕಾಡುಹಂದಿಗಳನ್ನು ಜನ ಗುಂಡು ಹಾರಿಸಿ ಓಡಿಸುತ್ತಿದ್ದರು. ಆಂಡರ್ಸನ್ನರೂ ಅವರ ಸಂಗಡಿಗರೂ ಆ ದಾರಿಯಲ್ಲಿ ಹೋಗುತ್ತಿದ್ದರು. ಹಂದಿಗಳ ಗಲಾಟೆ ಮುಗಿಯಿತು ಎನ್ನುವಷ್ಟರಲ್ಲಿ ಗದ್ದೆಯೊಳಗಿಂದ ಕರಡಿಯೊಂದು ಬಿಸಿಲಿಗೆ ಏದುತ್ತ ಹೊರಗೆ ಬಂದಿತು. ಅದು ಯಾರ ಮೇಲೂ ಬೀಳಲಿಲ್ಲ. ಕಾರಣವಿಲ್ಲದೆ ಕರಡಿಯನ್ನು ಹೊಡೆಯಬಾರದೆಂಬುದು ಆಂಡರ್ಸನ್ನರ ನಿಯಮ. ಆದರೆ ಸಂಗಡಿಗರಲ್ಲಿ ಒಬ್ಬನಿಗೆ ಅಂಥ ನಿಯಮವೇನೂ ಇರಲಿಲ್ಲ. ಗುಂಡು ಹಾರಿತು. ಕರಡಿ ಬಿದ್ದಿತು. ಅಷ್ಟರಲ್ಲಿ ಬಿದ್ದ ಕರಡಿಯ ಬೆನ್ನಿನ ಮೇಲಿನ ಕರಿಯ ಕೂದಲು ಅಲ್ಲಾಡಿ, ಬೇರೆಯಾಗಿ, ಕೆಳಕ್ಕೆ ಇಳಿಯಿತು. ಬೆನ್ನೇರಿ ಕೂತಿದ್ದ ಮರಿ! ಅದು ತಾಯಿಯ ಸುತ್ತ ಸುತ್ತುತ್ತ ಅಳತೊಡಗಿತು.

ಅದನ್ನು ಅಟ್ಟಿ ಹಿಡಿದು ಗೋಣಿಚೀಲಕ್ಕೆ ಹಾಕಿಕೊಂಡು ಬೆಂಗಳೂರಿಗೆ ತಂದು, ಆಂಡರ್ಸನ್ನರು ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದರ ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿ ಬ್ರೂನೋ ಎಂದು ಹೆಸರಿಟ್ಟರು. ಮುಂದೆ ಅದು ಬಾಬಾ ಆಯಿತು. ಸೀಸೆಯಲ್ಲಿ ಹಾಲು ಕುಡಿಯುತ್ತಿದ್ದುದು ಕೆಲವೇ ದಿನಗಳಲ್ಲಿ ಅನ್ನ, ಸಾರು, ಮೊಟ್ಟೆ, ಮಿಠಾಯಿ, ಐಸ್‌ಕ್ರೀಂ, ಕಾಫಿ, ಮಜ್ಜಿಗೆ, ಬೀರು ಎಲ್ಲಕ್ಕೂ ಬಾಯಿ ಹಾಕತೊಡಗಿತು. ಗೆದ್ದಲು ತಿನ್ನುವ ಜಾತಿಯಲ್ಲಿ ಹುಟ್ಟಿ ಇಂಥ ರುಚಿ! ಮನೆಯ ಪುಸ್ತಕದ ಕೋಣೆಯಲ್ಲಿ ಇಲಿಗಳಿಗೆಂದು ಇಟ್ಟ ಬೇರಿಯಂ ಕಾರ್ಬೊನೇಟ್ ಎಂಬ ವಿಷವನ್ನೂ ಒಂದು ದಿನ ತಿಂದುಬಿಟ್ಟಿತು. ಕಾಲುಗಳು ಸ್ವಾಧೀನ ತಪ್ಪಿದರೂ ತೆವಳಿಕೊಂಡು ಹೋಗಿ ತಲಪಿದ್ದು ಯಜಮಾನಿಯ ಬಳಿಗೆ. ಪಶುವೈದ್ಯರು 10 ಸಿ.ಸಿ.ಯಂತೆ ಎರಡು ಚುಚ್ಚುಮದ್ದು ಕೊಟ್ಟ ಮೇಲೆ ಉಳಿದುಕೊಂಡಿತು. ಇನ್ನೊಂದು ದಿನ ಮೋಟಾರಿನಿಂದ ಇಳಿಸಿಟ್ಟಿದ್ದ ಹಳೆಯ ಎಣ್ಣೆಯನ್ನು ಹತ್ತಿರ ಹತ್ತಿರ ಒಂದು ಗ್ಯಾಲನ್ ಕುಡಿಯಿತು. ಅದರಿಂದ ಏನೂ ಆಗಲಿಲ್ಲ. ಕೋಲನ್ನು ಕೊಟ್ಟರೆ ಬಂದೂಕಿನಂತೆ ಗುರಿ ಹಿಡಿಯುವುದು, ಮಗುವೆಲ್ಲಿ ಎಂದರೆ ಮರದ ತುಂಡೊಂದನ್ನು ಎತ್ತಿ ತೊಟ್ಟಿಲಾಡಿಸುವುದು, ಹೀಗೆ ವಿದ್ಯೆಗಳನ್ನು ಕಲಿಯಿತು. ಗುಂಡಿನಿಂದ ತಾಯಿಯನ್ನು ಕಳೆದುಕೊಂಡ ಮರಿಯ ಕೈಗೆ ಬಂದೂಕಿನ ಆಟ ಕಲಿಸಿದವರು ಯಾರೋ ತಿಳಿಯದು. ಆ ಭಾಗವನ್ನು ಓದುವಾಗ ನನಗೆ ನಗು ಬರಲಿಲ್ಲ.

ಬೆಳೆದ ಕರಡಿಯನ್ನು, ಬಾಡಿಗೆದಾರರ ಮಕ್ಕಳಿರುವ ವಠಾರದಲ್ಲಿ ಸರಪಳಿ ಹಾಕಿ ಎಷ್ಟು ದಿನ ಇಟ್ಟುಕೊಳ್ಳುವುದು? ಗಂಡ, ಮಗ, ಸ್ನೇಹಿತರು ಎಲ್ಲರೂ ಸೇರಿ ಶ್ರೀಮತಿ ಆಂಡರ್ಸನ್ನರನ್ನು ಒಪ್ಪಿಸಿ 87 ಮೈಲಿ ದೂರದ ಮೈಸೂರಿನ ಮೃಗಾಲಯಕ್ಕೆ ಬಾಬಾನನ್ನು ಕಳುಹಿಸಿದರು. ಆಕೆ ಅನ್ನ ಬಿಟ್ಟರು. ವಿಚಾರಿಸಿ ಕಾಗದ ಬರೆದರೆ ಅಲ್ಲಿ ಅದೂ ಅನ್ನ ಬಿಟ್ಟಿದೆ ಎಂದು ಉತ್ತರ. ಮೂರು ತಿಂಗಳು ಆಂಡರ್ಸನ್ನರು ಹೇಗೋ ತಡೆದರು. ಆಮೇಲೆ ಆಕೆ, ಕಾರಿನಲ್ಲಿ ಕರೆದೊಯ್ಯದಿದ್ದರೆ ಬಸ್ಸೋ ರೈಲೋ ಹತ್ತಿ ತಾನೇ ಹೋಗುವುದಾಗಿ ತಿಳಿಸಿಬಿಟ್ಟರು. ನರಭಕ್ಷಕಗಳಿಗೆ ಬೆದರದವರು ಈ ಮಾತಿಗೆ ಮಣಿದರು.

ಮರೆತಿರುತ್ತದೆಂದು ಎಲ್ಲರೂ ಹೇಳಿದ್ದರು. ಬಾಬಾ ಆಕೆಯನ್ನು ಇನ್ನೂ ದೂರದಲ್ಲಿರುವಾಗಲೇ ಗುರುತಿಸಿ ಕೂಗಿ, ಸಂತೋಷದಿಂದ ತಲೆಕೆಳಗಾಗಿ ನಿಂತಿತು. ಮೂರು ಗಂಟೆಗಳ ಕಾಲ ಆಕೆ ಬೋನಿನ ಬಳಿಯಿಂದ ಕದಲಲಿಲ್ಲ. ಬಾಗಿಲು ಮುಚ್ಚುವ ವೇಳೆಗೆ ಆಕೆಯೂ ಅತ್ತರು, ಕರಡಿಯೂ ಅತ್ತಿತು, ಕಾವಲುಗಾರರ ಮುಖವೂ ಸಪ್ಪಗಾಯಿತು. ಮೇಲಧಿಕಾರಿಗಳ ಅಪ್ಪಣೆ ಪಡೆದು, ಬೋನನ್ನು ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಮೆಲ್ಲಮೆಲ್ಲನೆ ಬಾಬಾನನ್ನು ಮನೆಗೆ ಕರೆತಂದರು.

ಆಂಡರ್ಸನ್ನರು 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು, 1972ರಲ್ಲಿ, ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತ್ತು. ಇಂದು ಕರಡಿಯನ್ನು ಕೊಲ್ಲುವುದೂ ಅಪರಾಧ, ಮರಿಯನ್ನು ಮನೆಯಲ್ಲಿ ಸಾಕುವುದೂ ಅಪರಾಧ. ಹಂಪೆಯ ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಗಳಿಗೆಂದೇ ಒಂದು ಅಭಯಧಾಮವಿದೆ. ಆ ಕಾಯಿದೆಯ ಕಣ್ಣಿನಿಂದ ನೋಡಿದರೆ ಆಂಡರ್ಸನ್ನರ ಬಾಳಿನಲ್ಲಿ ತಪ್ಪುಗಳು ಹೇರಳವಾಗಿ ಸಿಕ್ಕುತ್ತವೆ. ಕಬ್ಬಿನ ಗದ್ದೆಯ ಬದಿಯಲ್ಲಿ ಸಂಗಡಿಗನ ಬಂದೂಕನ್ನು ಏಕೆ ತಡೆಯಲಿಲ್ಲವೆಂದು ನನ್ನ ಸಹಪಾಠಿಯೊಬ್ಬ ವಾದಕ್ಕೇ ನಿಂತ. ತಡೆಯುವಷ್ಟು ಹೊತ್ತಿತ್ತೇ ಎಂದು ನಾನು ಕೇಳಿದೆ. ಇಬ್ಬರಿಗೂ ಉತ್ತರ ಸಿಕ್ಕಲಿಲ್ಲ. ಅವರು ಆ ಸಂಗಡಿಗನ ಹೆಸರನ್ನು ಎಲ್ಲೂ ಬರೆದಿಲ್ಲ. ಹಾಗೆಯೇ ಗುಂಡು ಹಾರಿದ ಸಂಗತಿಯನ್ನು ಬಚ್ಚಿಟ್ಟಿಯೂ ಇಲ್ಲ.

ಬಾಬಾ ಹಿಂದಿರುಗಿದ ಮೇಲೆ ಮತ್ತೆ ಸರಪಳಿ ಹಾಕಲು ಶ್ರೀಮತಿ ಆಂಡರ್ಸನ್ನರಿಗೆ ಮನಸ್ಸು ಬರಲಿಲ್ಲ. ಕೂಲಿಯವರನ್ನು ಕರೆಸಿ ಬಂಗಲೆಯ ಹಿತ್ತಲಿನಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ಒಂದು ದ್ವೀಪ ಮಾಡಿಸಿದರು. ಸುತ್ತಲೂ 6 ಅಡಿ ಅಗಲ, 7 ಅಡಿ ಆಳದ ಒಣ ಕಂದಕ. ಮಲಗಲು ಕೋಳಿಗಳಿದ್ದ ಮರದ ಪೆಟ್ಟಿಗೆ, ಅದರೊಳಗೆ ಹುಲ್ಲು. ಹಳೆಯ ಕೋಲನ್ನೂ ಮರದ ತುಂಡಿನ ಮಗುವನ್ನೂ ಹುಡುಕಿ ತಂದು ಇಟ್ಟರು. ಕಂದಕ ದಾಟಿ ಕರಡಿ ಈಚೆಗೆ ಬರುವಂತಿರಲಿಲ್ಲ. ಆದರೆ ಮೇಲೆ ಚಾಚಿದ್ದ ಮಾವಿನ ಕೊಂಬೆಗೆ ಒಂದು ಹಗ್ಗ ಕಟ್ಟಿಸಿದ್ದರು. ಅದರ ತುದಿಯಲ್ಲಿ ಒಂದು ಕುಣಿಕೆ. ಪ್ರಾಯ ಕಳೆದ ಆ ಗೃಹಿಣಿ ಕುಣಿಕೆಗೆ ಒಂದು ಕಾಲಿಟ್ಟು, ಇನ್ನೊಂದು ಕಾಲಿನಿಂದ ನೆಲವನ್ನು ಒದ್ದು, ಉಯ್ಯಾಲೆಯಂತೆ ತೂಗಿ ಬಾಬಾನ ಬಳಿಗೆ ಹೋಗುತ್ತಿದ್ದರು. ಸಾಕೆನಿಸಿದಾಗ ಹಾಗೆಯೇ ತೂಗಿ ಈಚೆಗೆ ಬರುತ್ತಿದ್ದರು.